ಚೆನ್ನಾಗಿರೋ ದಿನವೇ ಭಯ: ಎಷ್ಟು ಓಡಾಡಲಿ, ಎಷ್ಟು ಮಲಗಲಿ?

ಗವೀಪುರದವಳು

ನಮಸ್ಕಾರ. ಬಹಳ ದಿನದಿಂದ ಈ ನೋವಿನ ವೇದಿಕೆಯಲ್ಲಿ ಎಲ್ಲರದ್ದೂ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು. ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ನನಗೆ 43. ನೋವು ಶುರುವಾಗಿ ಏಳು ವರ್ಷ, ಅದಕ್ಕೆ ಫೈಬ್ರೊಮಯಾಲ್ಜಿಯಾ (ಮೈಯೆಲ್ಲಾ ನೋಯೋ ದೀರ್ಘಕಾಲದ ಕಾಯಿಲೆ) ಅಂತ ಹೆಸರು ಸಿಕ್ಕಿ ಮೂರು ವರ್ಷ. ಮಧ್ಯದ ನಾಲ್ಕು ವರ್ಷ ಥೈರಾಯ್ಡ್, ವಿಟಮಿನ್ ಡಿ, ಬಿ12, ಸಂಧಿವಾತದ ಟೆಸ್ಟು, ಎಂಆರ್‌ಐ ಅಂತ ಅಲೆದಿದ್ದೇ ಅಲೆದಿದ್ದು. ಎಲ್ಲಾ ನಾರ್ಮಲ್. ಒಬ್ಬ ಡಾಕ್ಟರು ರಿಪೋರ್ಟ್ ಮಡಚಿ ಕೈಗೆ ಕೊಟ್ಟು 'ಏನೂ ಇಲ್ಲಮ್ಮ, ಖುಷಿಯಾಗಿರಿ' ಅಂದಿದ್ರು.

ಹೋದ ಶನಿವಾರದ ಕಥೆ ಹೇಳ್ತೀನಿ, ನನ್ನ ತಾಪತ್ರಯ ಪೂರ್ತಿ ಅದರಲ್ಲೇ ಇದೆ. ಬೆಳಗ್ಗೆ ಎದ್ದಾಗ ಮೈಯಲ್ಲಿ ನೋವೇ ಇರಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಹೀಗೊಂದು ಬೆಳಗ್ಗೆ ಸಿಗತ್ತೆ. ಸಿಕ್ಕಾಗ ಲಾಟರಿ ಹೊಡೆದವಳ ಥರ ಆಡ್ತೀನಿ. ವರಮಹಾಲಕ್ಷ್ಮಿ ಹಬ್ಬ ಬೇರೆ ಹತ್ತಿರ ಬಂತು. ಅಟ್ಟದಿಂದ ಹಿತ್ತಾಳೆ ಪಾತ್ರೆ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದೆ, ಪರದೆ ಒಗೆದೆ, ದೇವರಮನೆ ತೊಳೆದೆ, ಊಟ ಆದ್ಮೇಲೆ ಗಾಂಧಿ ಬಜಾರಿಗೆ ನಡ್ಕೊಂಡೇ ಹೋಗಿ ಬಂದೆ. ಮಗಳು 'ಅಮ್ಮ ಇವತ್ತು ಸೂಪರ್' ಅಂದ್ಲು. ರಾತ್ರಿ ಹತ್ತಕ್ಕೆ ಭುಜದಲ್ಲಿ ಶುರುವಾಯ್ತು. ಭಾನುವಾರ ಹಲ್ಲುಜ್ಜೋ ಬ್ರಷ್ ಹಿಡಿಯೋಕೂ ಆಗಲಿಲ್ಲ. ಸೋಮವಾರ, ಮಂಗಳವಾರ ರಜ. ಬುಧವಾರ ಆಫೀಸಿಗೆ ಹೊರಟೆ. ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಂದ ನೇರಳೆ ಲೈನಿಗೆ ಬದಲಾಯಿಸೋ ಹೊತ್ತಿಗೆ ಕಣ್ಣಲ್ಲಿ ನೀರು.

ಡಾಕ್ಟರು ದಿನಾ ಅರ್ಧ ಗಂಟೆ ನಡೀರಿ ಅಂತಾರೆ. ಅತ್ತೆ 'ಓಡಾಡಿದ್ರೇ ತಾನೇ ನೋವು, ಮಲಗು' ಅಂತಾರೆ. ನಾದಿನಿ 'ಮಲಗಿ ಮಲಗಿ ಮೈ ಜಡ್ಡುಗಟ್ಟಿದೆ ಅತ್ತಿಗೆ' ಅಂತಾಳೆ. ಒಂದೊಂದು ದಿನ ಒಬ್ಬೊಬ್ಬರು ಸರಿ ಅನ್ಸತ್ತೆ. ನೀವೆಲ್ಲ ಇದನ್ನ ಹೇಗೆ ಲೆಕ್ಕ ಹಾಕ್ತೀರಿ?

ಹಳೇ ಸೊಂಟ

ಅಮ್ಮಾ, ನಿಮ್ಮ ಶನಿವಾರ ಓದಿ ನನ್ನ 2014ನೇ ಇಸವಿ ನೆನಪಾಯಿತು. ನನಗೆ ಈಗ 67. ಜಾಲಹಳ್ಳಿ ಕಡೆ ಕಾರ್ಖಾನೆಯಲ್ಲಿ 31 ವರ್ಷ ಲೇತ್ ಮುಂದೆ ನಿಂತವನು. ಸೊಂಟದ ಡಿಸ್ಕ್ ಸವೆದು ನಿವೃತ್ತಿಗೆ ಮುಂಚೆಯೇ ಬೆಲ್ಟ್ ಬಿಗಿದುಕೊಂಡವನು. ನೋವು ಕಡಿಮೆ ಇದ್ದ ದಿನ ತೋಟದ ಗುಂಡಿಯೆಲ್ಲ ನಾನೇ ಅಗೆಯುವುದು, ಮರುದಿನ ಪಕ್ಕೆ ಹೊರಳಿಸಲು ಹೆಂಡತಿ ಬೇಕು. ಹೀಗೇ ಎರಡು ವರ್ಷ.

ಆಮೇಲೆ ಒಬ್ಬ ಹುಡುಗ ಫಿಸಿಯೋ ಸಿಕ್ಕ. ಅವನು ಕೇಳಿದ ಪ್ರಶ್ನೆ ಇವತ್ತಿಗೂ ಮರೆತಿಲ್ಲ: "ಅಂಕಲ್, ಫ್ಯಾಕ್ಟರೀಲಿ ಟೀ ಬ್ರೇಕ್ ಯಾವಾಗ ತಗೋತಿದ್ರಿ, ಸುಸ್ತಾದಾಗಲಾ?" ಇಲ್ಲಪ್ಪ, ಸೈರನ್ ಆದಾಗ ಅಂದೆ. "ಹಾಗಾದ್ರೆ ಸೊಂಟಕ್ಕೂ ಸೈರನ್ ಹಾಕಿ."

ಅಷ್ಟೇ ವಿಷಯ. ನೋವು ಹೇಳಿದಾಗ ಕೂರುವುದಲ್ಲ, ಗಡಿಯಾರ ಹೇಳಿದಾಗ ಕೂರುವುದು. ಮೂರು ದಿನ ಸುಮ್ಮನೆ ಅಳೆದೆ: ನಿಂತು ಕೆಲಸ ಮಾಡುತ್ತಾ ಎಷ್ಟು ನಿಮಿಷಕ್ಕೆ ನೋವು ಏರಲು ಶುರುವಾಗುತ್ತದೆ ಅಂತ. ಒಂದು ದಿನ 14, ಒಂದು ದಿನ 9, ಇನ್ನೊಂದು ದಿನ 16. ಸರಾಸರಿ 13. ಫಿಸಿಯೋ ಹುಡುಗ ಅದರಲ್ಲಿ ಕಾಲು ಭಾಗ ಕತ್ತರಿಸಿ 10 ಅಂತ ಬರೆದ. ಹತ್ತು ನಿಮಿಷ ಕೆಲಸ, ಐದು ನಿಮಿಷ ಕುರ್ಚಿ. ನೋವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ವಾರಕ್ಕೊಂದು ನಿಮಿಷ ಏರಿಸುವುದು, ಅದೂ ಹಿಂದಿನ ವಾರ ಸಲೀಸಾಗಿ ಕಳೆದಿದ್ದರೆ ಮಾತ್ರ.

ಮೊದಲ ವಾರ ಹುಚ್ಚು ಹಿಡಿದ ಹಾಗಿತ್ತು. ಏನೂ ನೋಯುತ್ತಿಲ್ಲ, ಗುಂಡಿ ಅರ್ಧ ಆಗಿದೆ, ಮೊಬೈಲು ಕಿರುಚುತ್ತದೆ, ಗುದ್ದಲಿ ಕೆಳಗಿಡಬೇಕು. ನೋವಿದ್ದಾಗ ಕೂರುವುದು ಯಾರಿಗೆ ಬರಲ್ಲ ಹೇಳಿ. ನೋವಿಲ್ಲದಾಗ ಕೂರುವುದನ್ನು ಕಲಿಯುವುದಕ್ಕೆ ನನಗೆ ಆರು ತಿಂಗಳು ಬೇಕಾಯಿತು.

ಬಿದಿರು ಬೆನ್ನು

ಅಕ್ಕ, ನಾನು ಉಲ್ಟಾ ಹೇಳ್ತೀನಿ. ಮಲಗ್ಲೇಬೇಡಿ!

ನನಗೆ 29, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದ್ರೆ ಬೆನ್ನುಮೂಳೆ ಕೀಲುಗಳ ಉರಿಯೂತ. ಬೆಳಗಿನ ಜಾವ ನಾಲ್ಕಕ್ಕೆ ಸೊಂಟ ಹಿಡ್ಕೊಂಡು ಎಚ್ಚರ ಆಗತ್ತೆ. ಎದ್ದು ಹಾಲ್‌ನಲ್ಲಿ ಹದಿನೈದು ನಿಮಿಷ ಆ ಕಡೆ ಈ ಕಡೆ ನಡೆದ್ರೆ ಸಡಿಲ ಆಗತ್ತೆ. ಭಾನುವಾರ ಲೇಟಾಗಿ ಎದ್ದರೆ ಆ ದಿನ ಪೂರ್ತಿ ಹಲಗೆ. ಔಟರ್ ರಿಂಗ್ ರೋಡ್ ಟ್ರಾಫಿಕ್ಕಲ್ಲಿ ಕ್ಯಾಬಲ್ಲಿ ಒಂದೂವರೆ ಗಂಟೆ ಕೂತರೆ ಇಳಿಯೋವಾಗ ನಮ್ಮ ತಾತನ ಥರ ಇಳೀತೀನಿ. ವಾರಕ್ಕೆ ನಾಲ್ಕು ದಿನ ಈಜು ಶುರು ಮಾಡಿದ್ಮೇಲೆ ಮಾತ್ರೆ ಅರ್ಧಕ್ಕೆ ಬಂತು, ಡಾಕ್ಟರೇ ಇಳಿಸಿದ್ರು. ರೆಸ್ಟ್ ಅನ್ನೋದೇ ವಿಷ.

ಮುಗಿದ ಬ್ಯಾಟರಿ

ಬಿದಿರು, ನಿಮ್ಮ ಕಾಯಿಲೆಗೆ ಅದು ಸರಿ. ಎಲ್ಲರಿಗೂ ಅಂತ ಬರೀಬೇಡಿ, ದಯವಿಟ್ಟು.

2021ರಲ್ಲಿ ಕೋವಿಡ್ ಬಂದು ಹೋದ ಮೇಲೆ ನಾನು ಮೊದಲಿನ ಹಾಗೆ ಆಗಲೇ ಇಲ್ಲ. ಮೈಕೈ ನೋವು, ಮಂಜು ಕವಿದ ತಲೆ. 'ಕಂಡೀಷನ್ ಹೋಗಿದೆ, ಜಿಮ್‌ಗೆ ಸೇರು' ಅಂದ್ರು, ಸೇರಿದೆ. ಟ್ರೆಡ್‌ಮಿಲ್ ಮೇಲೆ ಇಪ್ಪತ್ತು ನಿಮಿಷ ಆರಾಮಾಗೇ ಇದ್ದೆ. ಬಿದ್ದಿದ್ದು ಎರಡು ದಿನ ಬಿಟ್ಟು. ಹನ್ನೊಂದು ದಿನ ಸ್ನಾನಕ್ಕೆ ಸ್ಟೂಲು ಬೇಕಾಯ್ತು. ಕೊನೆಗೆ ಗೊತ್ತಾಗಿದ್ದು ಇದು ಎಂಇ/ಸಿಎಫ್‌ಎಸ್, ಅಂದ್ರೆ ದೀರ್ಘಕಾಲದ ತೀವ್ರ ಆಯಾಸದ ಕಾಯಿಲೆ ಅಂತ. ಶ್ರಮ ಪಟ್ಟ ಒಂದೆರಡು ದಿನ ಆದಮೇಲೆ ಕುಸಿಯೋದೇ ಇದರ ಗುರುತು. ಇಂಥವರಿಗೆ ವ್ಯಾಯಾಮ ಏರಿಸ್ತಾ ಹೋಗೋ ಚಿಕಿತ್ಸೆ ಬೇಡ ಅಂತ ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2021ರ ತನ್ನ ಮಾರ್ಗಸೂಚಿಯಲ್ಲೇ ಕೈಬಿಟ್ಟಿದೆ. ಗವೀಪುರದ ಅಕ್ಕ, ನಿಮ್ಮದು ಬರೀ ನೋವಾ ಅಥವಾ ಈ ಥರ ತಡವಾಗಿ ಕುಸಿಯೋದೂ ಇದೆಯಾ, ಮೊದಲು ಅದನ್ನ ನೋಡ್ಕೊಳ್ಳಿ.

ಸೂರ್ಯೋದಯ 108

ಎಲ್ಲಾ ಮನಸ್ಸಿನಲ್ಲಿ ಇರೋದು. ಬೆಳಗ್ಗೆ ಐದಕ್ಕೆ ಎದ್ದು 108 ಸೂರ್ಯ ನಮಸ್ಕಾರ ಹಾಕಿ, 48 ದಿನ. ಆಮೇಲೆ ಬಂದು ಹೇಳಿ. ನಮ್ಮಜ್ಜಿ 85 ವರ್ಷದವರೆಗೂ ಒರಳಲ್ಲಿ ರುಬ್ಬುತ್ತಿದ್ದರು, ಅವರಿಗೆ ಯಾವ ಮಯಾಲ್ಜಿಯಾನೂ ಇರಲಿಲ್ಲ. ಮಿಕ್ಸಿ ಬಂದ ಮೇಲೆ ಬಂದ ರೋಗ ಇವೆಲ್ಲ.

ಗುನ್ಯಾ ಅಜ್ಜಿ

ಸೂರ್ಯೋದಯ ಅವರೇ, ನಿಮ್ಮಜ್ಜಿ ರುಬ್ಬುತ್ತಿದ್ದದ್ದು ನಿಜ ಇರಬಹುದು. ನೋವಿದೆ ಅಂತ ಅವರು ಯಾರ ಹತ್ತಿರ ಹೇಳಬೇಕಿತ್ತು, ನಿಮ್ಮ ತಾತನ ಹತ್ತಿರವೇ? ನಮ್ಮತ್ತೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಹಿತ್ತಲಲ್ಲಿ ಕೂತು ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಹಗಲಲ್ಲಿ ಕೇಳಿದರೆ 'ನನಗೇನೇ ಆಗಿದೆ' ಅನ್ನುತ್ತಿದ್ದರು.

ಗವೀಪುರದ ಮಗಳೇ, ನನಗೆ 2006ರ ಚಿಕೂನ್‌ಗುನ್ಯಾ. ಆ ವರ್ಷ ನಮ್ಮ ರಾಜ್ಯದಲ್ಲಿ ಮನೆಮನೆಗೂ ಬಂತಲ್ಲ, ಅದೇ. ಜ್ವರ ವಾರದಲ್ಲಿ ಹೋಯಿತು, ಗಂಟುನೋವು ಎರಡು ವರ್ಷ ಕೂತಿತು. ಅದು ಹೋಗುವಷ್ಟರಲ್ಲಿ ಮಂಡಿ ಸವೆತ ಬಂತು, ಒಬ್ಬ ಬಾಡಿಗೆದಾರ ಖಾಲಿ ಮಾಡುವ ಮುಂಚೆ ಇನ್ನೊಬ್ಬ ಬಂದ ಹಾಗೆ. ನನಗೆ ಗೊತ್ತಿರುವುದು ಅಡುಗೆಮನೆಯ ಲೆಕ್ಕ ಮಾತ್ರ, ಅದನ್ನು ಹೇಳುತ್ತೇನೆ.

ಅಡುಗೆಮನೆಯಲ್ಲಿ ಒಂದು ಎತ್ತರದ ಸ್ಟೂಲು ಹಾಕಿಸಿಕೋ. ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು, ಒಗ್ಗರಣೆ ಎಲ್ಲ ಕೂತೇ ಆಗುತ್ತದೆ. ಈಳಿಗೆ ಮಣೆ ಯಾರಿಗಾದರೂ ಕೊಟ್ಟುಬಿಡು, ನೆಲದಿಂದ ಏಳುವುದೇ ಒಂದು ಕೆಲಸ. ತೊಗರಿಬೇಳೆ ಡಬ್ಬ, ಅಕ್ಕಿ ಡಬ್ಬ ಸೊಂಟದ ಎತ್ತರದಲ್ಲಿರಲಿ, ವರ್ಷಕ್ಕೊಮ್ಮೆ ತೆಗೆಯುವುದು ಮಾತ್ರ ಮೇಲೆ. ಮುದ್ದೆ ತೊಳಸುವುದು ನನ್ನ ಕೈಲಿ ಆಗಲ್ಲ. ಅದು ಈಗ ನಮ್ಮ ಯಜಮಾನರ ಖಾತೆ. ಮೊದಲ ತಿಂಗಳು ಗಂಟುಗಂಟು ತಿಂದೆವು. ಈಗ ನನಗಿಂತ ಚೆನ್ನಾಗಿ ತೊಳಸುತ್ತಾರೆ, ಹಾಗಂತ ಅವರ ಮುಂದೆ ಹೇಳಲ್ಲ.

ಇನ್ನೊಂದು ಮಾತು. ಕೆಲಸಗಳನ್ನು ಒಂದರ ಹಿಂದೆ ಒಂದು ಒಂದೇ ಜಾತಿಯದು ಜೋಡಿಸಬೇಡ. ಪಾತ್ರೆ ತಿಕ್ಕಿದ ಮೇಲೆ ಪರದೆ ಹಿಂಡಿದೆಯಲ್ಲ, ಎರಡೂ ಅದೇ ಭುಜ, ಅದೇ ಮಣಿಕಟ್ಟು. ಪಾತ್ರೆ ಆದ ಮೇಲೆ ಹೂ ಕಟ್ಟು, ಸೊಪ್ಪು ಬಿಡಿಸು, ಫೋನ್ ಮಾಡುವುದಿದ್ದರೆ ಮಾಡು. ಪರದೆ ನಾಳೆ.

ನಿವೃತ್ತ ಫಿಸಿಯೋ, ರಾಜಾಜಿನಗರ

ಮೂರು ಜನ ಮೂರು ಕಾಯಿಲೆಯಿಂದ ಮಾತಾಡುತ್ತಿದ್ದೀರಿ, ಅದಕ್ಕೇ ಮೂರು ಉತ್ತರ ಬಂದಿದೆ. ಮೂವರದ್ದೂ ಅವರವರ ಮಟ್ಟಿಗೆ ನಿಜ.

ಬಿದಿರು ಬೆನ್ನು ಅವರದ್ದು ಉರಿಯೂತದ ಕಾಯಿಲೆ. ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಇರುವುದು, ರಾತ್ರಿಯ ಎರಡನೇ ಅರ್ಧದಲ್ಲಿ ಎಚ್ಚರವಾಗುವುದು, ವಿಶ್ರಾಂತಿಯಲ್ಲಿ ಹೆಚ್ಚಿ ಚಲನೆಯಲ್ಲಿ ಇಳಿಯುವುದು, ಇವೆಲ್ಲ ಅದರ ಲಕ್ಷಣ. ಬ್ಯಾಟರಿ ಅವರ ದೇಹ ಶ್ರಮದ ಸಾಲವನ್ನು ಎರಡು ದಿನ ಬಿಟ್ಟು ಬಡ್ಡಿ ಸಮೇತ ವಸೂಲು ಮಾಡುತ್ತದೆ. ಅವರು ಇರುವ ಶಕ್ತಿಯೊಳಗೇ ಉಳಿಯಬೇಕು, ಏರಿಸುವ ಆಸೆ ಇಟ್ಟುಕೊಳ್ಳಬಾರದು. ಫೈಬ್ರೊಮಯಾಲ್ಜಿಯಾ ಈ ಎರಡರ ಮಧ್ಯೆ ನಿಂತಿದೆ. ಚಲನೆ ಬೇಕು, ಆದರೆ ಅಳತೆ ಮೀರಿದರೆ ಸಿಡಿಯುತ್ತದೆ.

ಯಾಕೆ ಹಾಗೆ? ರೋಗಿಗಳಿಗೆ ನಾನು ಹೇಳುತ್ತಿದ್ದ ಕಥೆಯನ್ನೇ ಹೇಳುತ್ತೇನೆ. ನಿಮ್ಮ ಬೀದಿಯಲ್ಲೊಂದು ನಾಯಿ ಇದೆ ಅಂದುಕೊಳ್ಳಿ. ಒಮ್ಮೆ ಕಳ್ಳ ಬಂದಿದ್ದ. ಅಂದಿನಿಂದ ಅದು ಹಾಲಿನವನಿಗೂ ಬೊಗಳುತ್ತದೆ, ಪೇಪರ್ ಹುಡುಗನಿಗೂ ಬೊಗಳುತ್ತದೆ, ಎಲೆ ಅಲ್ಲಾಡಿದರೂ ಬೊಗಳುತ್ತದೆ. ಬೊಗಳುವುದು ಸುಳ್ಳಲ್ಲ, ನಿಮ್ಮ ನಿದ್ದೆ ನಿಜವಾಗಿಯೂ ಕೆಡುತ್ತದೆ. ಆದರೆ ಪ್ರತಿ ಬೊಗಳುವಿಕೆಗೂ ಕಳ್ಳ ಇರುವುದಿಲ್ಲ. ನೋವು ಬೇರೆ, ಹಾನಿ ಬೇರೆ. ನರಮಂಡಲವೇ ಹೀಗೆ ಅತಿ ಎಚ್ಚರವಾಗಿ ಉಂಟಾಗುವ ನೋವಿಗೆ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲಿ ನೋಸಿಪ್ಲಾಸ್ಟಿಕ್ ಎಂಬ ಪದವನ್ನೇ ಕೊಟ್ಟಿತು. ಎಂಆರ್‌ಐ ಯಾಕೆ ನಾರ್ಮಲ್ ಬರುತ್ತದೆ ಎಂದರೆ, ಅದು ಮನೆಯ ಗೋಡೆಯ ಫೋಟೋ ತೆಗೆಯುತ್ತದೆ, ನಾಯಿಯದ್ದಲ್ಲ. ಹಾಗಾಗಿ ಸೂರ್ಯೋದಯ ಅವರ 'ಮನಸ್ಸಿನಲ್ಲಿ ಇರೋದು' ತಪ್ಪು.

ಈಗ ನಾಯಿಯನ್ನು ಸುಮ್ಮನಾಗಿಸುವುದು ಹೇಗೆ? ಹಾಲಿನವನು ಬರುವುದನ್ನೇ ನಿಲ್ಲಿಸಿದರೆ ಸದ್ದು ನಿಲ್ಲುತ್ತದೆ, ಆದರೆ ತಿಂಗಳು ಬಿಟ್ಟು ಬಂದರೆ ಕಚ್ಚುತ್ತದೆ. ಅದು ಮಂಚ ಹಿಡಿಯುವ ವಿಶ್ರಾಂತಿ. ಇದ್ದಕ್ಕಿದ್ದಂತೆ ತಮಟೆ ಬಾರಿಸುತ್ತಾ ಮೆರವಣಿಗೆ ಹೋದರೆ ಇಡೀ ಕೇರಿಯ ನಾಯಿಗಳೇ ಎದ್ದು ಕೂರುತ್ತವೆ. ಅದು ನಿಮ್ಮ ಶನಿವಾರ. ದಿನಾ ಅದೇ ಹೊತ್ತಿಗೆ, ಅದೇ ಹೆಜ್ಜೆಯಲ್ಲಿ ಹಾಲಿನವನು ಬಂದರೆ ನಾಯಿ ಬೊಗಳುತ್ತದೆ, ಗುರ್ ಅನ್ನುತ್ತದೆ, ಒಂದು ದಿನ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತದೆ.

ಹಳೇ ಸೊಂಟ ಅವರ ಸೈರನ್‌ಗೆ ಹಿನ್ನೆಲೆಯೂ ಇದೆ. 1970ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ವಿಲ್ಬರ್ಟ್ ಫೋರ್ಡೈಸ್ ಎಂಬ ಮನಃಶಾಸ್ತ್ರಜ್ಞ, ದೀರ್ಘಕಾಲದ ನೋವಿರುವವರು ತಡೆಯಲಾಗದ ತನಕ ದುಡಿಯುವ ಬದಲು ಮೊದಲೇ ಗೊತ್ತುಮಾಡಿದ ಪಾಲು ಮುಗಿಸಿ ನಿಲ್ಲಿಸಬೇಕು ಎಂದು ಹೇಳಿಕೊಟ್ಟರು. ನೋವಿಗೆ ಹೆದರಿ ಕೂತರೆ ನೋವಿಗೇ ಬಹುಮಾನ ಕೊಟ್ಟಂತೆ. ಕೆಲಸ ಮುಗಿಸಿ ಕೂತರೆ ಕೆಲಸಕ್ಕೆ. ಮಾತ್ರೆಗಳ ಜಾಗ ಅವಕ್ಕಿದೆ, ಆದರೆ ಯೂರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಫೈಬ್ರೊಮಯಾಲ್ಜಿಯಾದ ಶಿಫಾರಸುಗಳನ್ನು ಪರಿಷ್ಕರಿಸಿದಾಗ 'ಬಲವಾದ' ಶಿಫಾರಸು ಸಿಕ್ಕಿದ್ದು ವ್ಯಾಯಾಮಕ್ಕೊಂದಕ್ಕೇ.

ಅರ್ಧ ಗಂಟೆ ನಡಿಗೆ ಗುರಿ ಇರಬಹುದು, ಆರಂಭ ಅಲ್ಲ. ಐದು ನಿಮಿಷಕ್ಕೆ ಶುರು ಮಾಡಿ, ನಾಲ್ಕಾದರೂ ನಾಚಿಕೆ ಬೇಡ. ಅಳತೆಗೋಲು ಒಂದೇ: ನಡೆದ ಮೇಲೆ ನೋವು ಸ್ವಲ್ಪ ಏರಿದರೂ ಮರುದಿನ ಅದೇ ಹೊತ್ತಿಗೆ ಹಳೆಯ ಮಟ್ಟಕ್ಕೆ ಬಂದಿದ್ದರೆ ಸರಿ. ಬರದಿದ್ದರೆ ಮುಂದಿನ ಸಲ ಕಡಿಮೆ ಮಾಡಿ.

ಒಂದು ಎಚ್ಚರಿಕೆ, ಇದನ್ನು ಹಾರಿಸಬೇಡಿ. ಕಾಲಿನ ಶಕ್ತಿ ಹೊಸದಾಗಿ ಕುಂದುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಈ ನಾಯಿ ಕಥೆ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ಆಗ ಕಳ್ಳ ಬಂದಿರಬಹುದು.

ಗವೀಪುರದವಳು

ಸರ್, ನಾಯಿ ಕಥೆ ನಮ್ಮತ್ತೆಗೆ ಓದಿ ಹೇಳಿದೆ. ಅವರು 'ನಿನ್ನ ನಾಯಿಗೆ ಒಂದು ಬನ್ನು ಹಾಕು' ಅಂದ್ರು. ಏಳು ವರ್ಷದಲ್ಲಿ ನನ್ನ ನೋವಿನ ಬಗ್ಗೆ ನಾವಿಬ್ಬರೂ ಸೇರಿ ನಕ್ಕಿದ್ದು ಇದೇ ಮೊದಲು.

ಬ್ಯಾಟರಿ, ಕೇಳಿದ್ದಕ್ಕೆ ಥ್ಯಾಂಕ್ಸ್. ಡಾಕ್ಟರ ಹತ್ತಿರ ಮತ್ತೆ ಕೇಳಿದೆ. ನನ್ನದು ಅದೇ ರಾತ್ರಿ, ಜಾಸ್ತಿ ಅಂದ್ರೆ ಮರುದಿನ ಶುರುವಾಗೋದು, ಸಣ್ಣ ನಡಿಗೆಗೆ ಏನೂ ಆಗಲ್ಲ. ಹಾಗಾಗಿ ನಿಧಾನಕ್ಕೆ ಏರಿಸಬಹುದು ಅಂದ್ರು.

ಎರಡು ಪ್ರಶ್ನೆ. ಬಿದ್ದ ದಿನ, ಅಂದ್ರೆ ಪೂರ್ತಿ ನೋವಿರೋ ದಿನ, ಸೈರನ್ ಏನು ಮಾಡೋದು? ಇನ್ನೊಂದು, ಮೆಟ್ರೋ. ನ್ಯಾಷನಲ್ ಕಾಲೇಜಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಎಂ.ಜಿ. ರೋಡ್‌ವರೆಗೆ. ಸೀಟು ಸಿಗಲ್ಲ. ನೋಡೋಕೆ ಗಟ್ಟಿಮುಟ್ಟಾಗಿದ್ದೀನಿ, ಮೀಸಲು ಸೀಟು ಕೇಳೋಕೆ ಬಾಯಿ ಬರಲ್ಲ. ಒಂದು ಸಲ ಕೇಳಿದ್ದಕ್ಕೆ ಒಬ್ಬಾಕೆ ನನ್ನ ತಲೆಯಿಂದ ಕಾಲಿನವರೆಗೂ ನೋಡಿದ್ರು. ಲಿಫ್ಟಲ್ಲೂ ಅಷ್ಟೇ.

ನಿವೃತ್ತ ಫಿಸಿಯೋ, ರಾಜಾಜಿನಗರ

ಬಿದ್ದ ದಿನ ಅರ್ಧ ಮಾಡಿ, ಸೊನ್ನೆ ಮಾಡಬೇಡಿ. ಐದು ನಿಮಿಷದ ನಡಿಗೆ ಇದ್ದರೆ ಎರಡೂವರೆ, ಮನೆಯೊಳಗೇ ಆದರೂ ಸರಿ. ಅದೂ ಆಗದಿದ್ದರೆ ಮಲಗಿದಲ್ಲೇ ಪಾದ ತಿರುಗಿಸಿ, ಮಂಡಿ ಮಡಚಿ ಬಿಡಿ, ಭುಜ ಎತ್ತಿ ಇಳಿಸಿ. ಎದ್ದ ಮೇಲೆ ಹಳೆಯ ಅಳತೆಗೆ ಒಂದೇ ದಿನದಲ್ಲಿ ಹಾರಬೇಡಿ, ಎರಡು ಮೂರು ದಿನ ತೆಗೆದುಕೊಳ್ಳಿ.

ವಿಶ್ರಾಂತಿ ಎಂದರೆ ಮೊಬೈಲ್ ಹಿಡಿದು ಮಂಚದ ಮೇಲೆ ಒರಗುವುದು ಎಂದುಕೊಂಡವರೇ ಹೆಚ್ಚು. ಕತ್ತು ಬಗ್ಗಿರುತ್ತದೆ, ಹೆಬ್ಬೆರಳು ಓಡುತ್ತಿರುತ್ತದೆ, ತಲೆಯಲ್ಲಿ ಆಫೀಸು. ನೆಲದ ಮೇಲೆ ಚಾಪೆ ಹಾಕಿ, ಮೀನಖಂಡ ಎರಡನ್ನೂ ಕುರ್ಚಿಯ ಮೇಲಿಟ್ಟು ಹತ್ತು ನಿಮಿಷ ಕಣ್ಣು ಮುಚ್ಚಿ. ಯೋಗ ಬಲ್ಲವರಿಗೆ ಇದು ಹೊಸದಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ದಿಂಬು, ಬೆಲ್ಟು, ಮರದ ತುಂಡು, ಕುರ್ಚಿ ಎಲ್ಲವನ್ನೂ ಆಸನಕ್ಕೆ ಆಸರೆಯಾಗಿ ತಂದರು. ಮೈಯನ್ನು ಆಸನಕ್ಕೆ ಬಗ್ಗಿಸಬೇಕಾಗಿಲ್ಲ, ಆಸನವನ್ನೇ ಮೈಗೆ ಬಗ್ಗಿಸಬಹುದು. 108ರ ಲೆಕ್ಕದವರಿಗೂ ಇದು ಗೊತ್ತಿದ್ದರೆ ಒಳ್ಳೆಯದು.

ನೇರಳೆ ಲೈನ್

ಮೆಟ್ರೋ ಬಗ್ಗೆ ನಾನು ಹೇಳ್ತೀನಿ, ಮೈಗ್ರೇನ್ ಮತ್ತು ಕತ್ತು ನೋವು ಎರಡೂ ಇಟ್ಕೊಂಡು ದಿನಾ ಓಡಾಡೋಳು.

ಒಂದು ರೈಲು ಬಿಡಿ. ಅಷ್ಟೇ. ಮೆಜೆಸ್ಟಿಕ್‌ನಲ್ಲಿ ಇಳಿದ ತಕ್ಷಣ ಎಲ್ಲರ ಜೊತೆ ಓಡಬೇಡಿ, ಜನ ಕರಗೋವರೆಗೂ ಬೆಂಚಲ್ಲಿ ಕೂತ್ಕೊಳ್ಳಿ. ಆ ಪ್ಲಾಟ್‌ಫಾರಂನಲ್ಲಿ ಐದು ನಿಮಿಷ, ಈ ಪ್ಲಾಟ್‌ಫಾರಂನಲ್ಲಿ ಐದು ನಿಮಿಷ. ಹತ್ತು ನಿಮಿಷ ಬೇಗ ಮನೆ ಬಿಡಬೇಕು. ಅದು ಕಷ್ಟ, ಗೊತ್ತು. ಹೆಂಗಸರ ಬೋಗಿಗೇ ಹತ್ತಿ. ಕೇಳೋದಾದ್ರೆ ಕೂತಿರೋರಲ್ಲಿ ಒಬ್ಬರ ಮುಖ ನೋಡಿ 'ನನಗೆ ನಿಲ್ಲೋಕೆ ಆಗ್ತಿಲ್ಲ, ಸ್ವಲ್ಪ ಜಾಗ ಬಿಡ್ತೀರಾ' ಅಂತ ಕೇಳಿ. ಕಾಯಿಲೆ ಹೆಸರು ಹೇಳೋಕೆ ಹೋಗ್ಬೇಡಿ. ಫೈಬ್ರೊ ಅನ್ನೋ ಅಷ್ಟರಲ್ಲಿ ವಿಧಾನಸೌಧ ಬಂದಿರತ್ತೆ.

ಆಟೋ ಮಾತ್ರ ಬೇಡ. ನಮ್ಮ ರಸ್ತೆಗಳ ಹಂಪು ಒಂದೊಂದೂ ಬೆನ್ನೆಲುಬಿನ ಒಂದೊಂದು ಮಣಿಗೆ ಲೆಕ್ಕ.

ಆಫೀಸಲ್ಲಿ ಕೇಳಿದ್ರೆ 'ಅಂಗವೈಕಲ್ಯ ಸರ್ಟಿಫಿಕೇಟ್ ತನ್ನಿ' ಅಂತಾರೆ, ನನಗೂ ಹಾಗೇ ಅಂದ್ರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ವಿಧ ಇದೆ, ಅದರಲ್ಲಿ ಫೈಬ್ರೊಮಯಾಲ್ಜಿಯಾ ಇಲ್ಲ, ಮೈಗ್ರೇನೂ ಇಲ್ಲ. ನಾನು ಕೊನೆಗೆ ಸರ್ಟಿಫಿಕೇಟ್ ಬಿಟ್ಟು ಕುರ್ಚಿ ಕೇಳಿದೆ. ಕುರ್ಚಿ ಸಿಕ್ತು, ಜೊತೆಗೆ ವಾರಕ್ಕೆರಡು ದಿನ ಮನೆಯಿಂದ ಕೆಲಸ. ದೊಡ್ಡದಾಗಿ ಕೇಳಿದ್ರೆ ಫೈಲ್ ಆಗತ್ತೆ, ಸಣ್ಣದಾಗಿ ಕೇಳಿದ್ರೆ ಕೆಲಸ ಆಗತ್ತೆ.

ಅವಳ ಗಂಡ

ನಾನು ನೋವಿರುವವನಲ್ಲ, ನೋವಿರುವವಳ ಗಂಡ. ಬರೆಯಬಹುದಾ ಗೊತ್ತಿಲ್ಲ, ಬರೆದುಬಿಡ್ತೀನಿ.

ಮೊದಲ ಎರಡು ವರ್ಷ ನಾನು ಅವಳ ನೋವನ್ನು ನಂಬಲಿಲ್ಲ. ಆಮೇಲಿನ ಎರಡು ವರ್ಷ ಅತಿಯಾಗಿ ನಂಬಿದೆ. ಎರಡನೆಯದೇ ಹೆಚ್ಚು ತೊಂದರೆ ಕೊಟ್ಟಿತು. ಲೋಟ ಎತ್ತಿದರೂ 'ನೀನು ಬಿಡು, ನಾನು ಮಾಡ್ತೀನಿ'. ಮೆಟ್ಟಿಲ ಹತ್ತಿರ ಹೋದರೂ 'ರೆಸ್ಟ್ ತಗೋ'. ಒಂದು ದಿನ ಅವಳು ಕೂತಲ್ಲೇ ಅತ್ತಳು, 'ನನ್ನನ್ನ ಷೋಕೇಸಲ್ಲಿ ಇಟ್ಟಿದೀಯ' ಅಂತ. ಅಷ್ಟು ಹೊತ್ತಿಗೆ ಅವಳಿಗೆ ಲಾಲ್‌ಬಾಗ್ ಪಶ್ಚಿಮ ಗೇಟಿಂದ ಕೆರೆಯವರೆಗೆ ನಡೆಯುವ ಶಕ್ತಿಯೂ ಹೋಗಿತ್ತು. ಮದುವೆಯಾದ ಹೊಸದರಲ್ಲಿ ಆ 240 ಎಕರೆ ಪೂರ್ತಿ ಸುತ್ತಿ, ಬಂಡೆ ಹತ್ತಿ ಕೂತು ಕಡಲೆಕಾಯಿ ತಿಂದವರು ನಾವು.

ಈಗ ನಮ್ಮದೊಂದು ಒಪ್ಪಂದ. ಅವಳು ಕೇಳದೆ ನಾನು ಕೈ ಹಾಕಲ್ಲ. ಗಡಿಯಾರ ಆದಾಗ ಅವಳು ಕೂರದಿದ್ದರೆ ಮಾತ್ರ ಒಂದು ಸಲ ಕೆಮ್ಮುತ್ತೇನೆ. ಬೆಳಗ್ಗೆ 'ನೋವು ಹೇಗಿದೆ' ಅಂತ ಕೇಳುವುದನ್ನೂ ಬಿಟ್ಟೆ. 'ಇವತ್ತು ಏನು ಪ್ಲಾನು' ಅಂತ ಕೇಳ್ತೀನಿ.

ಮುಗಿದ ಬ್ಯಾಟರಿ

ಆ ಕೆಮ್ಮು ನಮ್ಮನೇಲೂ ಬೇಕಿತ್ತು.

ಬಿದಿರು ಬೆನ್ನು

ಬ್ಯಾಟರಿ, ಮೊದಲು ಬರೆದಿದ್ದಕ್ಕೆ ಸಾರಿ. ನನಗೆ ಹೆಸರು ಸಿಗೋದಕ್ಕೆ ಮುಂಚೆ ಎಲ್ಲರೂ 'ಬೆಡ್ ರೆಸ್ಟ್ ಮಾಡು' ಅಂತ ಆರು ತಿಂಗಳು ಮಲಗಿಸಿದ್ರು, ಆ ಸಿಟ್ಟು ಇನ್ನೂ ಇದೆ. ಅದು ನಿಮ್ಮ ಮೇಲೆ ಬಂತು.

ಸೂರ್ಯೋದಯ 108

ಫಿಸಿಯೋ ಅವರಿಗೆ: ದಿಂಬು ಇಟ್ಟುಕೊಂಡು ಮಾಡುವುದು ಯೋಗವೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಅಜ್ಜಿಗೆ: ನಮ್ಮಮ್ಮನನ್ನು ಕೇಳಿದೆ. ನಮ್ಮಜ್ಜಿಯೂ ಹರಳೆಣ್ಣೆ ಹಚ್ಚುತ್ತಿದ್ದರಂತೆ.

ಗವೀಪುರದವಳು

ಆರು ವಾರ ಆಯ್ತು, ಲೆಕ್ಕ ಒಪ್ಪಿಸ್ತೀನಿ.

ಮೂರು ದಿನ ಅಳೆದಾಗ ನಡಿಗೆ 7, 5, 8 ನಿಮಿಷ ಬಂತು. ಐದಕ್ಕೆ ಶುರು. ಆಫೀಸಿಂದ ಬಂದ ಮೇಲೆ ಅಲ್ಲ, ಬೆಳಗ್ಗೆ ಬಿಸಿನೀರು ಮೈಮೇಲೆ ಬಿದ್ದ ಮೇಲೆ, ನಮ್ಮ ಬೀದಿಯಲ್ಲೇ. ಗವಿ ಗಂಗಾಧರೇಶ್ವರ ದೇವಸ್ಥಾನದ ಕಡೆ ಹೋಗಿ ಅರ್ಧದಲ್ಲಿ ತಿರುಗೋದು. ಮೊದಲ ವಾರ ಹೂವಿನ ಅಂಗಡಿಯವರು 'ಏನ್ ಮೇಡಂ, ಏನಾದ್ರೂ ಮರೆತು ಬಂದ್ರಾ' ಅಂತ ದಿನಾ ಕೇಳ್ತಿದ್ರು. ಈಗ ಎಂಟೂವರೆ ನಿಮಿಷ. ಕೇಳೋಕೆ ನಗು ಬರತ್ತೆ, ಅದಕ್ಕೇ ಆ ಅರ್ಧ ನಿಮಿಷಾನೂ ಬರೆದೆ.

ಸ್ಟೂಲು ಬಂತು. ಅತ್ತೆ ಮೊದಲು ಮುಖ ಸಿಂಡರಿಸಿದ್ರು, 'ಒಲೆ ಮುಂದೆ ಕೂತು ಅಡುಗೆ ಮಾಡೋದು ಯಾವ ಸಂಪ್ರದಾಯ' ಅಂತ. ಎರಡನೇ ವಾರದಿಂದ ಮಧ್ಯಾಹ್ನದ ಹೊತ್ತು ಅದರ ಮೇಲೆ ಅವರೇ ಇರ್ತಾರೆ. ಇನ್ನೊಂದು ತರಬೇಕು.

ಒಂದು ರೈಲು ಬಿಡ್ತಾ ಇದೀನಿ. ಮೊದಮೊದಲು ರೈಲು ಹೋಗೋದನ್ನ ಕೂತು ನೋಡೋವಾಗ ಏನೋ ತಪ್ಪು ಮಾಡ್ತಿದೀನಿ ಅನ್ಸೋದು.

ಸೋತಿದ್ದನ್ನೂ ಹೇಳಬೇಕಲ್ಲ. ಗಣೇಶನ ಹಬ್ಬದ ಹಿಂದಿನ ದಿನ ಗೌರಿ ಬಾಗಿನ, ಮನೆ ತುಂಬಾ ಜನ, ಕಡುಬು. ಮೊಬೈಲ್ ಮೂರು ಸಲ ಕಿರುಚ್ತು, ಮೂರು ಸಲವೂ ಬಾಯಿ ಮುಚ್ಚಿಸಿದೆ. ನಾಲ್ಕನೇ ಸಲಕ್ಕೆ ಮಗಳು ತಾನೇ ತಗೊಂಡು ಬಂದು 'ಅಮ್ಮ ನಿನ್ನ ಸೈರನ್' ಅಂತ ಎಲ್ಲರ ಮುಂದೆ ಕೂಗಿದ್ಲು. ನಾದಿನಿ ಮುಖದಲ್ಲಿ ಏನಿತ್ತೋ ನೋಡೋಕೆ ಧೈರ್ಯ ಬರಲಿಲ್ಲ. ಎರಡು ದಿನ ಮಲಗಿದೆ. ಮೊದಲಾದ್ರೆ ನಾಲ್ಕು ದಿನ ಆಗ್ತಿತ್ತು ಅಂತ ಲೆಕ್ಕ ಹಾಕ್ಕೊಂಡೆ. ಈ ಸಲ ಸೊನ್ನೆ ಮಾಡಲಿಲ್ಲ. ಹಾಸಿಗೆಯಿಂದ ಬಾಗಿಲವರೆಗೆ, ಬಾಗಿಲಿಂದ ಹಾಸಿಗೆಗೆ.

ನೋವು ಕಡಿಮೆಯಾಗಿದೆಯಾ ಅಂತ ಡಾಕ್ಟರು ಕೇಳಿದ್ರು. ನಿಜ ಹೇಳಬೇಕಂದ್ರೆ ಅಷ್ಟೇನಿಲ್ಲ. ನಾಳೆ ಹೇಗಿರ್ತೀನಿ ಅಂತ ಇವತ್ತೇ ಸ್ವಲ್ಪ ಗೊತ್ತಾಗತ್ತೆ, ಅಷ್ಟು.

ಹಳೇ ಸೊಂಟ

ಎಂಟೂವರೆ! ನಾನು ಇಷ್ಟು ಬೇಗ ಏರಿಸಿರಲಿಲ್ಲ. ಇನ್ನೊಂದು ವಾರ ಅಲ್ಲೇ ನಿಲ್ಲಿ, ಆತುರ ಬೇಡ.

ಗವೀಪುರದವಳು

ಸರ್, ಒಂದು ವಾರ ಅಂದ್ರಿ, ಎರಡು ವಾರ ನಿಂತೆ. ಈಗ ಹನ್ನೊಂದು. ಕಾರ್ತಿಕ ಮಾಸ ಬಂತು, ಕಡೇ ಸೋಮವಾರ ಕಡಲೆಕಾಯಿ ಪರಿಷೆ. ಮೂರು ವರ್ಷದಿಂದ ಹೋಗಿಲ್ಲ, ಮನೆಯಿಂದ ಕೂಗಳತೆ ದೂರ. ಆ ನೂಕುನುಗ್ಗಲಲ್ಲಿ ಹನ್ನೊಂದು ನಿಮಿಷಕ್ಕೆ ಎಲ್ಲಿ ಕೂರೋದು?

ಗುನ್ಯಾ ಅಜ್ಜಿ

ಸೋಮವಾರ ಸಂಜೆ ಹೋಗಬೇಡ, ಕಾಲಿಡಲು ಜಾಗ ಇರಲ್ಲ. ಅಂಗಡಿ ಒಂದೆರಡು ದಿನ ಮುಂಚೆಯೇ ಹಾಕಿರುತ್ತಾರೆ. ಬೆಳಗ್ಗೆ ಬೇಗ ಹೋಗು. ಮಡಚುವ ಸ್ಟೂಲು ಸಿಗುತ್ತದೆ, ಒಂದು ಹೆಗಲಿಗೆ ಹಾಕಿಕೋ, ಭಾರವಿದ್ದರೆ ಮಗಳ ಹೆಗಲಿಗೆ.

ಗವೀಪುರದವಳು

ಹೋಗಿ ಬಂದೆ ಅಜ್ಜಿ. ಭಾನುವಾರ ಬೆಳಗ್ಗೆ ಏಳಕ್ಕೆ. ಬಸವನಗುಡಿ ರಸ್ತೆಯಲ್ಲಿ ಇನ್ನೂ ಮೂಟೆ ಬಿಚ್ಚುತ್ತಿದ್ರು. ದೊಡ್ಡ ಗಣಪತಿ ಗುಡಿ ಕಾಣೋ ಅಷ್ಟರಲ್ಲಿ ಸೈರನ್ ಆಯ್ತು, ಕಾಯಿ ಮಾರೋ ಹೆಂಗಸಿನ ರಾಶಿ ಪಕ್ಕ ಸ್ಟೂಲು ಬಿಚ್ಚಿ ಕೂತೆ. ಆಕೆ 'ಯಾಕಮ್ಮ, ಕಾಲು ನೋವಾ' ಅಂದ್ರು. 'ಇಲ್ಲ, ಟೈಮಾಯ್ತು' ಅಂದೆ. ಅರ್ಥ ಆಗದೆ ಇದ್ರೂ ಒಂದು ಹಿಡಿ ಹಸಿ ಕಾಯಿ ಮಡಿಲಿಗೆ ಹಾಕಿದ್ರು. ಏಳೋವಾಗ ಎರಡು ಸೇರು ತಗೊಂಡೆ. ಚೀಲ ಮಗಳು ಹೊತ್ಲು.